ಕೆರೆಯ ಗೆಂಡೆಗೆ ಗಾಳ ಹಾಕಿದವರು

ಮಣ್ಣನ್ನು ಹದಗೊಳಿಸುವ ಹುಳುವಿಗೆ ಕನ್ನಡದಲ್ಲಿ ಎರೆಹುಳು ಎಂದು ಹೆಸರು. ಈಗ ಆ ಹೆಸರು ಕೇಳಿದೊಡನೆ ಗೊಬ್ಬರದ ಗುಂಡಿ ನೆನಪಾಗುತ್ತದೆ. ಆದರೆ ‘ಎರೆ’ ಎಂದರೆ ಹಕ್ಕಿ, ಮೀನುಗಳ ಆಹಾರ. ಗಾಳದ ಮೊನೆಗೆ ಸಿಕ್ಕಿಸುವ ತಿನಿಸು. ರೈತನ ಮಿತ್ರ ಎಂಬ ಬಿರುದು ಪಡೆಯುವುದಕ್ಕೆ ಬಹಳ ಮೊದಲೇ ಈ ಹುಳು ಗಾಳ ಹಾಕುವವನ ಮಿತ್ರನಾಗಿತ್ತು ಎಂಬುದಕ್ಕೆ ನಮ್ಮ ಭಾಷೆಯೇ ಸಾಕ್ಷಿ.

ಊರ ಕೆರೆಯ ಏರಿಯ ಮೇಲೆ ಬಿದಿರು ಕೋಲು ಹಿಡಿದು, ನೀರಿನ ಮೇಲಿನ ಬೆಂಡನ್ನೇ ನೋಡುತ್ತ ಕುಳಿತ ವ್ಯಕ್ತಿಯನ್ನು ನೀವೂ ಕಂಡಿರುತ್ತೀರಿ. ಒಂಬೈನೂರು ವರ್ಷಗಳ ಹಿಂದಿನವನನ್ನು ಕರೆತಂದು ಅವನ ಪಕ್ಕದಲ್ಲಿ ಕೂರಿಸಿದರೆ ಇಬ್ಬರಿಗೂ ಪರಸ್ಪರರ ಕೆಲಸ ಅರ್ಥವಾಗುತ್ತದೆ. ಕೋಲು, ದಾರ, ಕೊಕ್ಕೆ, ಹಿಟ್ಟಿನ ಉಂಡೆ ಎಲ್ಲವೂ ಗುರುತು ಸಿಗುವಂಥವೇ. ಮೀನು ಮೇಲೆ ಬಂದಾಗ ಮಾತ್ರ ಹಳಬನು ಕಣ್ಣರಳಿಸಿಯಾನು. ಇಂದು ದಕ್ಷಿಣ ಕರ್ನಾಟಕದ ಕೆರೆಯಲ್ಲಿ ಗಾಳಕ್ಕೆ ಬೀಳುವ ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಇವುಗಳಲ್ಲಿ ಒಂದೂ ಕಾವೇರಿ ಸೀಮೆಯ ಮೂಲನಿವಾಸಿಯಲ್ಲ. ಉಪಕರಣ ಹಾಗೇ ಉಳಿದು ಬೇಟೆಯೇ ಬದಲಾದದ್ದು ಹೇಗೆ ಎಂಬುದು ಈ ಲೇಖನದ ವಿಷಯ. ನಾನು ಭೌತವಿಜ್ಞಾನದ ಮೇಷ್ಟ್ರು. ಆದ್ದರಿಂದ ನಡುನಡುವೆ ಮೀನನ್ನು ಬಿಟ್ಟು ಬೆಂಡಿನ ಕಡೆಗೆ, ದಾರದ ಕಡೆಗೆ ಗಮನ ಹರಿದರೆ ಓದುಗರು ಸಹಿಸಿಕೊಳ್ಳಬೇಕು.

ಕೆರೆಗೆ ಮೀನು ಬರುವ ದಾರಿ

ಕೆರೆ ಮನುಷ್ಯ ಕಟ್ಟಿದ ಜಲಾಶಯ. ಕರ್ನಾಟಕದಲ್ಲಿ ಸುಮಾರು 36,000 ಕೆರೆಗಳಿವೆ ಎಂಬುದು ವಾಡಿಕೆಯ ಲೆಕ್ಕ. ಇವುಗಳಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ಬತ್ತುವಂಥವು. ಬತ್ತಿದ ಕೆರೆಗೆ ಮರುವರ್ಷ ಮೀನು ಎಲ್ಲಿಂದ ಬರುತ್ತದೆ? ಕೊರವದಂಥ ಕೆಲವು ಮೀನುಗಳಿಗೆ ಗಾಳಿಯನ್ನು ನೇರವಾಗಿ ಉಸಿರಾಡುವ ಅಂಗವಿದೆ. ಅವು ಕೊನೆಯ ಕೆಸರುಗುಂಡಿಯಲ್ಲೂ ದಿನ ನೂಕಬಲ್ಲವು. ಗೆಂಡೆಗಳಿಗೆ ಆ ಸೌಲಭ್ಯವಿಲ್ಲ. ಅವು ಹೊರಗಿನಿಂದಲೇ ಬರಬೇಕು. ಮುಂಗಾರಿನಲ್ಲಿ ಕೋಡಿ ಬಿದ್ದಾಗ ಕೆರೆಯ ನೀರು ಹಳ್ಳಕ್ಕೆ, ಹಳ್ಳದ ನೀರು ಹೊಳೆಗೆ ಕೂಡಿಕೊಳ್ಳುತ್ತದೆ. ಮೊಟ್ಟೆ ಇಡುವ ಹಂಬಲದಿಂದ ಹೊಳೆಯ ಮೀನುಗಳು ಹರಿವಿಗೆ ಎದುರಾಗಿ ಹತ್ತಿ ಬರುತ್ತವೆ. ಅವುಗಳಲ್ಲಿ ಕೆಲವು ಕೆರೆ ಸೇರುತ್ತವೆ. ಕೋಡಿಯ ಕೆಳಗೆ ಕೂಳಿ ಇಟ್ಟು ಹತ್ತುವ ಮೀನನ್ನು ಹಿಡಿಯುವುದು ಹಳೆಯ ಪದ್ಧತಿ. ಗಾಳ ಹಾಕುವವನ ಪಾಲಿಗೆ ಉಳಿಯುತ್ತಿದ್ದುದು ಕೂಳಿಯನ್ನೂ ಬೆಸ್ತರ ಬೀಸುಬಲೆಯನ್ನೂ ತಪ್ಪಿಸಿಕೊಂಡದ್ದು.

ಹೀಗಾಗಿ ಹಳೆಯ ಕೆರೆಯ ಮೀನು ಎಂದರೆ ಆ ನದಿಪಾತ್ರದ ಮೀನೇ. ಕಾವೇರಿ, ಕೃಷ್ಣಾ ಕೊಳ್ಳಗಳಲ್ಲಿ ಲೇಬಿಯೊ ಫಿಂಬ್ರಿಯೇಟಸ್, ಲೇಬಿಯೊ ಕಲ್ಬಾಸು, ಸಿರ್ರೈನಸ್ ರೇಬಾ ಮುಂತಾದ ಗೆಂಡೆ ಬಳಗದವು. ಕಾವೇರಿಯಲ್ಲಿ ಇವುಗಳ ಜೊತೆಗೆ ಲೇಬಿಯೊ ಕೊಂಟಿಯಸ್. ಇವು ದೈತ್ಯ ಮೀನುಗಳಲ್ಲ. ಕೆರೆಯಲ್ಲಿ ಒಂದೆರಡು ಕಿಲೋ ತೂಗಿದರೆ ದೊಡ್ಡದು.

ಕಲ್ಯಾಣದ ಅರಸನ ಗಾಳ

ಗಾಳದ ಬಗ್ಗೆ ಭಾರತದಲ್ಲಿ ನಮಗೆ ಸಿಕ್ಕಿರುವ ವಿವರವಾದ ಹಳೆಯ ಬರಹ ಕರ್ನಾಟಕದ್ದು ಎಂಬುದು ಅನೇಕರಿಗೆ ತಿಳಿದಿಲ್ಲ. ಕಲ್ಯಾಣದಿಂದ, ಅಂದರೆ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (ಆಳ್ವಿಕೆ 1126–1138) ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ಎಂಬ ವಿಶ್ವಕೋಶದಂಥ ಗ್ರಂಥ ರಚಿಸಿದನು. ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತು ಅಧ್ಯಾಯಗಳು. ರಾಜ್ಯಾಡಳಿತ, ಆನೆ, ಅಡುಗೆ, ಸಂಗೀತ ಎಲ್ಲಕ್ಕೂ ಅಲ್ಲಿ ಜಾಗವಿದೆ. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ ‘ಮತ್ಸ್ಯವಿನೋದ’ ಬರುತ್ತದೆ. ಇಂಗ್ಲಿಷಿನಲ್ಲಿ ಗಾಳದ ಬಗ್ಗೆ ಅಚ್ಚಾದ ಮೊದಲ ಪುಸ್ತಕ 1496ರದ್ದು. ನಮ್ಮದು ಅದಕ್ಕಿಂತ ಮುನ್ನೂರ ಅರವತ್ತು ವರ್ಷ ಹಿರಿಯದು.

ಸೋಮೇಶ್ವರ ಸುಮಾರು 35 ಬಗೆಯ ಮೀನುಗಳನ್ನು ಹೆಸರಿಸುತ್ತಾನೆ. ಅವುಗಳನ್ನು ಕಡಲಿನವು, ನದಿಯವು ಎಂದೂ, ಹುರುಪೆ ಉಳ್ಳವು, ಹುರುಪೆ ಇಲ್ಲದವು ಎಂದೂ ವಿಂಗಡಿಸುತ್ತಾನೆ. ಎರಡನೆಯ ವಿಂಗಡಣೆ ಮೇಲ್ನೋಟಕ್ಕೆ ಸರಳವಾಗಿ ಕಂಡರೂ ಸಿಹಿನೀರಿನಲ್ಲಿ ಅದು ಬಹಳ ಉಪಯುಕ್ತ. ಗೆಂಡೆ ಬಳಗಕ್ಕೆ ಹುರುಪೆ ಇದೆ. ಮೀಸೆ ಮೀನುಗಳಾದ ಬಾಳೆ, ಚೇಳುಮೀನುಗಳಿಗೆ ಇಲ್ಲ. ಮೊದಲ ಗುಂಪಿನ ಬಹುಪಾಲು ಸಸ್ಯಾಹಾರಿ ಅಥವಾ ಮಿಶ್ರಾಹಾರಿ, ಎರಡನೆಯದು ಮುಖ್ಯವಾಗಿ ಮಾಂಸಾಹಾರಿ. ಯಾವ ಮೀನಿಗೆ ಹಿಟ್ಟಿನ ಉಂಡೆ, ಯಾವುದಕ್ಕೆ ಮಾಂಸದ ಉಂಡೆ ಎಂದು ತಿಳಿಯಬೇಕಾದವನಿಗೆ ಇದಕ್ಕಿಂತ ಒಳ್ಳೆಯ ವರ್ಗೀಕರಣ ಬೇಕಿಲ್ಲ. ಒಂದು ಜಾಗದಲ್ಲಿ ಮೀನುಗಳಿಗೆ ಆಹಾರ ಹಾಕಿ ಪೋಷಿಸುವ ಕ್ರಮವನ್ನೂ ಗ್ರಂಥ ಹೇಳುತ್ತದೆ. ಇಂದಿನ ಹವ್ಯಾಸಿಗಳು ಗಾಳ ಹಾಕುವ ಮುನ್ನ ಕಡಲೆಕಾಯಿ ಹಿಂಡಿಯ ಉಂಡೆಗಳನ್ನು ಎಸೆಯುವುದು ಇದರ ಮುಂದುವರಿಕೆಯೇ.

ಈ ಅಧ್ಯಾಯವನ್ನು ಆಧುನಿಕ ವಿಜ್ಞಾನದ ಕಣ್ಣಿನಿಂದ ಓದಿದವರು ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ನಿರ್ದೇಶಕರಾಗಿದ್ದ ಸುಂದರ್ ಲಾಲ್ ಹೋರಾ. 1951ರಲ್ಲಿ ಅವರು ಇದರ ಬಗ್ಗೆ ದೀರ್ಘ ಲೇಖನ ಪ್ರಕಟಿಸಿ, ಮೀನುಗಳನ್ನು ಗುರುತಿಸಲು ಯತ್ನಿಸಿದರು. ಇಂಥ ಗುರುತಿಸುವಿಕೆಯಲ್ಲಿ ಒಂದು ತೊಡಕಿದೆ. ‘ರೋಹಿತ’ ಎಂದರೆ ಸಂಸ್ಕೃತದಲ್ಲಿ ಕೆಂಪು. ಗಂಗೆಯ ದಡದವನು ರೋಹುವನ್ನು ರೋಹಿತ ಎಂದರೆ, ಭೀಮೆಯ ದಡದವನು ತನ್ನ ಊರಿನ ಕೆಂಪು ಛಾಯೆಯ ಗೆಂಡೆಯನ್ನೂ ಹಾಗೇ ಕರೆದಿರಬಹುದು. ಹಳೆಯ ಗ್ರಂಥದಲ್ಲಿ ಹೆಸರು ಕಂಡಾಕ್ಷಣ ಆ ಮೀನು ಇಲ್ಲಿತ್ತು ಎಂದು ತೀರ್ಮಾನಿಸುವುದು ಅವಸರವಾಗುತ್ತದೆ.

ಅರಸನ ಕೈಯಲ್ಲಿದ್ದುದು ಬಿದಿರಿನ ಕೋಲು, ನಾರಿನ ದಾರ. ಎರಡೂ ಸಾಧಾರಣ ವಸ್ತುಗಳು. ಆದರೆ ಬಿದಿರಿನ ಗುಣ ಗಮನಿಸಿ. ಎರಡು ಕಿಲೋಗ್ರಾಂ ತೂಗುವ ಗೆಂಡೆಯೊಂದು ಸೆಕೆಂಡಿಗೆ 2 ಮೀಟರ್ ವೇಗದಲ್ಲಿ ನುಗ್ಗಿತು ಎನ್ನೋಣ. ಅದರ ಚಲನಶಕ್ತಿ 4 ಜೂಲ್. ದಾರವನ್ನು ಗೋಡೆಗೆ ಕಟ್ಟಿದಂತೆ ಬಿಗಿಹಿಡಿದು ಒಂದು ಸೆಂಟಿಮೀಟರಿನಲ್ಲಿ ಅದನ್ನು ನಿಲ್ಲಿಸಬೇಕಾದರೆ ಸರಾಸರಿ ಬಲ 400 ನ್ಯೂಟನ್, ಅಂದರೆ ಸುಮಾರು 40 ಕಿಲೋ ಭಾರಕ್ಕೆ ಸಮ. ತೆಳು ನಾರಿನ ದಾರ ತುಂಡಾಗುವುದು ಖಚಿತ. ಅದೇ ಕೋಲು ಬಾಗಿ ಒಂದು ಮೀಟರಿನಷ್ಟು ಸಡಿಲ ಕೊಟ್ಟರೆ ಬಲ 4 ನ್ಯೂಟನ್‌ಗೆ ಇಳಿಯುತ್ತದೆ, ನಾನೂರು ಗ್ರಾಂ ಭಾರದಷ್ಟು. ಮೀನು ಬಾಲ ಬೀಸುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ನಿಜವಾದ ಲೆಕ್ಕ ಇಷ್ಟು ಸುಲಭವಲ್ಲ. ಆದರೂ ಕೋಲಿನ ಕೆಲಸ ಮೀನನ್ನು ಎತ್ತುವುದಲ್ಲ, ನಿಲ್ಲಿಸುವ ದೂರವನ್ನು ಹೆಚ್ಚಿಸುವುದು ಎಂಬುದು ಇದರಿಂದ ತಿಳಿಯುತ್ತದೆ. ಎತ್ತುವ ವಿಷಯಕ್ಕೆ ಬಂದರೆ, ಒಡಲೊಳಗಿನ ಗಾಳಿಚೀಲದಿಂದಾಗಿ ಗೆಂಡೆ ನೀರಿನಲ್ಲಿ ಹೆಚ್ಚುಕಡಿಮೆ ತೂಕವಿಲ್ಲದ ಪ್ರಾಣಿ. ನೀರಿನಿಂದ ಎತ್ತಿದಾಗ ಹೊರಬಂದಷ್ಟು ಭಾಗದ ತೂಕ ದಾರದ ಮೇಲೆ ಬೀಳುತ್ತದೆ. ದಡಕ್ಕೆ ಬಂದ ಮೀನು ತಪ್ಪಿಸಿಕೊಳ್ಳುವುದು ಸಾಮಾನ್ಯವಾಗಿ ಈ ಹಂತದಲ್ಲೇ.

ಮಾತಾಡಬಹುದು, ಕುಣಿಯಬಾರದು

ಗಾಳ ಹಾಕುವಾಗ ಮಾತಾಡಬಾರದು ಎಂಬುದು ಎಲ್ಲ ಊರಿನ ಹಿರಿಯರ ನಿಯಮ. ಇದನ್ನು ಪರೀಕ್ಷಿಸಿ ನೋಡೋಣ. ಗೆಂಡೆಯ ಬಳಗಕ್ಕೆ ಕಿವಿ ಬಹಳ ಚುರುಕು. ಗಾಳಿಚೀಲ ಧ್ವನಿಗೆ ಕಂಪಿಸುತ್ತದೆ. ಆ ಕಂಪನವನ್ನು ಒಳಕಿವಿಗೆ ಮುಟ್ಟಿಸುವ ಪುಟ್ಟ ಮೂಳೆಗಳ ಸರಪಣಿಯೇ ಇದೆ. ಜರ್ಮನಿಯ ಅರ್ನ್ಸ್ಟ್ ಹೈನ್‌ರಿಖ್ ವೇಬರ್ 1820ರಲ್ಲಿ ಇದನ್ನು ವರ್ಣಿಸಿದರು. ಒಂದು ಶತಮಾನದ ನಂತರ, 1923ರಲ್ಲಿ, ಕಾರ್ಲ್ ಫಾನ್ ಫ್ರಿಶ್ ಇದೇ ರಚನೆಯುಳ್ಳ ಮೀಸೆ ಮೀನೊಂದು ಸಿಳ್ಳೆ ಹಾಕಿದರೆ ಬರುವಂತೆ ಪಳಗಿಸಿದ್ದನ್ನು ಪ್ರಕಟಿಸಿ, ಮೀನುಗಳು ಕಿವುಡು ಎಂದು ನಂಬಿದ್ದವರನ್ನು ಒಪ್ಪಿಸಿದರು. ಜೇನುನೊಣದ ನೃತ್ಯಭಾಷೆಯನ್ನು ಬಿಡಿಸಿ ಮುಂದೆ ನೊಬೆಲ್ ಪಡೆದವರು ಇವರೇ.

ಹಾಗಾದರೆ ನಮ್ಮ ಹರಟೆ ಮೀನಿಗೆ ಕೇಳಿಸಬೇಕಲ್ಲವೆ? ಧ್ವನಿ ಒಂದು ಮಾಧ್ಯಮದಿಂದ ಇನ್ನೊಂದಕ್ಕೆ ದಾಟುವುದು ಎರಡರ ಧ್ವನಿರೋಧವನ್ನು ಅವಲಂಬಿಸುತ್ತದೆ. ನೀರಿನದು ಗಾಳಿಯದಕ್ಕಿಂತ ಸುಮಾರು 3600 ಪಟ್ಟು. ಲೆಕ್ಕ ಹಾಕಿದರೆ ಗಾಳಿಯಲ್ಲಿನ ಧ್ವನಿಶಕ್ತಿಯ ಸಾವಿರದಲ್ಲಿ ಒಂದು ಪಾಲಷ್ಟೇ ನೀರೊಳಗೆ ಇಳಿಯುತ್ತದೆ, ಉಳಿದದ್ದು ಪ್ರತಿಫಲಿಸುತ್ತದೆ. ಏರಿಯ ಮಣ್ಣಿಗೂ ನೀರಿಗೂ ಅಷ್ಟು ಅಂತರವಿಲ್ಲ. ಆದ್ದರಿಂದ ದಡದಲ್ಲಿ ಕಾಲು ಬಡಿದರೆ ಆ ಸದ್ದು ಸರಾಗವಾಗಿ ನೀರಿಗೆ ಹೋಗುತ್ತದೆ. ಸಣ್ಣ ದನಿಯಲ್ಲಿ ರಾಜಕೀಯ ಚರ್ಚಿಸಬಹುದು, ಚಪ್ಪಲಿ ಸದ್ದು ಮಾಡುತ್ತ ಓಡಾಡಬಾರದು.

ಇನ್ನು ನೋಟ. ನೀರೊಳಗಿನ ಮೀನಿಗೆ ಹೊರಜಗತ್ತೆಲ್ಲ ತಲೆಯ ಮೇಲಿನ ಒಂದು ದುಂಡು ಕಿಟಕಿಯಲ್ಲಿ ಅಡಗಿ ಕಾಣುತ್ತದೆ. ವಕ್ರೀಭವನದ ನಿಯಮದಂತೆ ಆ ಕಿಟಕಿಯ ಕೋನ ಸುಮಾರು 97 ಡಿಗ್ರಿ. ನೀರಿನ ಮಟ್ಟಕ್ಕೆ ಹತ್ತಿರದಲ್ಲಿರುವ ವಸ್ತುಗಳು ಕಿಟಕಿಯ ಅಂಚಿನಲ್ಲಿ ಚಪ್ಪಟೆಯಾಗಿ, ಮಸುಕಾಗಿ ಕಾಣುತ್ತವೆ. ದಡದಿಂದ ಆರು ಮೀಟರ್ ಆಚೆಯ ಮೀನಿಗೆ, ನೀರಮಟ್ಟದಿಂದ ಒಂದು ಮೀಟರ್ ಎತ್ತರಕ್ಕೆ ತಲೆ ಬರುವಂತೆ ಕುಳಿತವನು ಹತ್ತು ಡಿಗ್ರಿಗಿಂತ ಕೆಳಗಿರುವುದರಿಂದ ಒಂದು ತೆಳು ಗೆರೆಯಂತಷ್ಟೇ ಕಂಡಾನು. ಎದ್ದು ನಿಂತರೆ ಮನುಷ್ಯನಾಗುತ್ತಾನೆ. ಕೊಕ್ಕರೆ ನೀರಿಗೆ ಸಮೀಪದಲ್ಲಿ ಕುತ್ತಿಗೆ ಮಡಚಿ ನಿಲ್ಲುವುದನ್ನು ನೋಡಿಯೇ ಹಳಬರು ಕುಕ್ಕರಗಾಲಿನಲ್ಲಿ ಕೂರುವುದನ್ನು ಕಲಿತರೋ ಏನೋ.

ಮಂಗಳೂರಿನ ಕಲೆಕ್ಟರರ ದೂರು

ಹನ್ನೆರಡನೆಯ ಶತಮಾನದಿಂದ ಹತ್ತೊಂಬತ್ತಕ್ಕೆ ಒಂದೇ ಹೆಜ್ಜೆಗೆ ದಾಟುತ್ತಿದ್ದೇನೆ. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯರು ಮೈಸೂರು ಸೀಮೆಯಲ್ಲೆಲ್ಲ ಸುತ್ತಿ ಬೆಳೆ, ಕೆರೆ, ಕಸುಬುಗಳ ವಿವರ ಬರೆದುಕೊಂಡರು. ಅದು 1807ರಲ್ಲಿ ಪ್ರಕಟವಾಯಿತು. ಮುಂದೆ ಬಂಗಾಳಕ್ಕೆ ಹೋದ ಅದೇ ಬುಕಾನನ್ 1822ರಲ್ಲಿ ಗಂಗೆಯ ಮೀನುಗಳ ಬಗ್ಗೆ ದೊಡ್ಡ ಗ್ರಂಥ ಹೊರತಂದರು. ಕಾಟ್ಲಾ, ರೋಹು, ಮೃಗಾಲ್ ಮೂರಕ್ಕೂ ವೈಜ್ಞಾನಿಕ ಹೆಸರು ಕೊಟ್ಟವರು ಅವರೇ. ಮೈಸೂರಿನ ಕೆರೆಗಳನ್ನೂ ಈ ಮೀನುಗಳನ್ನೂ ಒಬ್ಬನೇ ವ್ಯಕ್ತಿ ಕಂಡಿದ್ದರು. ಕೆರೆ ಮತ್ತು ಮೀನು ಒಂದನ್ನೊಂದು ಕಾಣಲು ಇನ್ನೂ ನೂರು ವರ್ಷ ಬೇಕಿತ್ತು.

ಈ ನಡುವೆ ಮಂಗಳೂರಿನಲ್ಲಿ ಮುಖ್ಯವಾದ ಒಂದು ಘಟನೆ ನಡೆಯಿತು. ದಕ್ಷಿಣ ಕನ್ನಡದ ಕಲೆಕ್ಟರರಾಗಿದ್ದ ಹೆನ್ರಿ ಸಲಿವನ್ ಥಾಮಸ್ ಗಾಳದ ಹುಚ್ಚಿನವರು. 1870ರಲ್ಲಿ ಅವರು ಜಿಲ್ಲೆಯ ಮೀನು ಸಾಕಣೆಯ ಬಗ್ಗೆ ವರದಿ ಬರೆದರು. 1873ರಲ್ಲಿ ಭಾರತದಲ್ಲಿ ಗಾಳದ ಮೀನುಗಾರಿಕೆಯ ಬಗ್ಗೆ ಅವರ ಪುಸ್ತಕ ಮಂಗಳೂರಿನಲ್ಲೇ ಅಚ್ಚಾಯಿತು. 1887ರಲ್ಲಿ ಕೆರೆಗಳಲ್ಲಿ ಗಾಳ ಹಾಕುವುದಕ್ಕಾಗಿಯೇ ಮೀಸಲಾದ ಇನ್ನೊಂದು ಪುಸ್ತಕ ಬಂತು. ಬ್ರಿಟಿಷ್ ಅಧಿಕಾರಿಗಳಲ್ಲಿ ಮಹಶೀರ್ ಹಿಡಿಯುವ ಹೆಮ್ಮೆ ಬಹಳವಿತ್ತು. ಕೆರೆಯ ಗೆಂಡೆಯನ್ನು ಒಂದು ಇಡೀ ಪುಸ್ತಕಕ್ಕೆ ಯೋಗ್ಯವೆಂದು ಬಗೆದವರು ಥಾಮಸ್. ಹೊಳೆಯಲ್ಲಿ ಮೀನು ನುಂಗಿ ಓಡುತ್ತದೆ. ಕೆರೆಯ ಗೆಂಡೆ ಉಂಡೆಯನ್ನು ತುಟಿಯಿಂದ ಮುಟ್ಟಿ, ಹೀರಿ, ಉಗುಳಿ, ಮತ್ತೆ ಹೀರುತ್ತದೆ. ಬೆಂಡಿನ ಒಂದು ಕೂದಲೆಳೆಯ ಅಲುಗಾಟವನ್ನೂ ಓದಬಲ್ಲ ತಾಳ್ಮೆ ಇಲ್ಲಿ ಬೇಕು.

ಥಾಮಸರ ವರದಿಯ ಮುಖ್ಯ ದೂರು ಮರಿಗಳ ನಾಶದ ಬಗ್ಗೆ. ಸಣ್ಣ ಕಣ್ಣಿನ ಬಲೆ, ಹರಿವಿಗೆ ಅಡ್ಡ ಕಟ್ಟಿದ ಬಿದಿರು ತಡಿಕೆ, ಕಾಕಮಾರಿಯಂಥ ಕಾಯಿಗಳನ್ನು ಅರೆದು ನೀರಿಗೆ ಬೆರೆಸುವುದು ಇವುಗಳಿಂದ ಹೊಳೆಗಳು ಬರಿದಾಗುತ್ತಿವೆ ಎಂಬುದು ಅವರ ವಾದ. ಸರ್ಕಾರ ಈ ಪ್ರಶ್ನೆಯನ್ನು ಸರ್ಜನ್ ಫ್ರಾನ್ಸಿಸ್ ಡೇ ಅವರಿಗೆ ವಹಿಸಿತು. ಅವರ ದೇಶವ್ಯಾಪಿ ವರದಿ 1873ರಲ್ಲಿ ಬಂತು. ಕೊನೆಗೆ 1897ರಲ್ಲಿ ಭಾರತೀಯ ಮೀನುಗಾರಿಕಾ ಕಾಯಿದೆ ಜಾರಿಯಾಯಿತು. ಸಿಡಿಮದ್ದು ಅಥವಾ ವಿಷ ಹಾಕಿ ಮೀನು ಹಿಡಿದವರಿಗೆ ಎರಡು ತಿಂಗಳವರೆಗೆ ಸೆರೆ, ಇಲ್ಲವೆ ಇನ್ನೂರು ರೂಪಾಯಿವರೆಗೆ ದಂಡ. ಮೈಸೂರು ಸಂಸ್ಥಾನವೂ 1901ರಲ್ಲಿ ಬೇಟೆ ಮತ್ತು ಮೀನು ಸಂರಕ್ಷಣೆಯ ಕಟ್ಟಳೆ ತಂದಿತು.

ವಿಷದ ವಿರುದ್ಧದ ಕಾನೂನು ಸರಿಯಾದದ್ದೇ. ಆದರೆ ಆ ಕಾಲದ ವಾದಗಳಲ್ಲಿ ಒಂದು ಓರೆ ಕಾಣುತ್ತದೆ. ಹೊಟ್ಟೆಪಾಡಿಗೆ ಕೂಳಿ ಇಡುವವನು ಅಪರಾಧಿಯಂತೆಯೂ ವಿನೋದಕ್ಕೆ ಗಾಳ ಹಾಕುವವನು ರಕ್ಷಕನಂತೆಯೂ ಚಿತ್ರಿತರಾಗಿದ್ದಾರೆ. ನದಿಗೆ ಅಡ್ಡಲಾಗಿ ಎದ್ದ ಕಲ್ಲುಕಟ್ಟಡದ ಅಣೆಕಟ್ಟುಗಳು ಮೀನಿನ ದಾರಿಯನ್ನು ಶಾಶ್ವತವಾಗಿ ಮುಚ್ಚಿದವು. ಅವಕ್ಕೆ ಹೋಲಿಸಿದರೆ ಬಿದಿರು ತಡಿಕೆ ಒಂದು ಮಳೆಗಾಲದ ಮಾತು.

ರೈಲಿನಲ್ಲಿ ಬಂದ ಮೀನುಗಳು

1907ರಲ್ಲಿ ಫ್ರೆಡರಿಕ್ ನಿಕಲ್ಸನ್ ಅವರ ನೇತೃತ್ವದಲ್ಲಿ ಮದ್ರಾಸ್ ಪ್ರಾಂತದ ಮೀನುಗಾರಿಕೆಯ ಕೆಲಸ ಆರಂಭವಾಯಿತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಗೋದಾವರಿಯ ಕಾಟ್ಲಾವನ್ನು ಕಾವೇರಿಯ ಕಡೆಗೆ ತರಲಾಯಿತು. 1934ರಲ್ಲಿ ಮುಗಿದ ಮೆಟ್ಟೂರು ಜಲಾಶಯದಲ್ಲಿ ಅದು ನೆಲೆಯೂರಿತು. ಆಯ್ಕೆಗೆ ಕಾರಣ ಸ್ಪಷ್ಟ: ಕಾಟ್ಲಾ ಒಂದೇ ವರ್ಷದಲ್ಲಿ ಒಂದು ಕಿಲೋ ಮುಟ್ಟಬಲ್ಲದು. ನಮ್ಮ ಸ್ಥಳೀಯ ಗೆಂಡೆಗಳಿಗೆ ಆ ವೇಗವಿಲ್ಲ.

ಆದರೆ ಕಾಟ್ಲಾ, ರೋಹು, ಮೃಗಾಲ್ ಮೂರಕ್ಕೂ ಒಂದು ಹಟ. ಕೆರೆಯಲ್ಲಿ ಅವು ಕೊಬ್ಬುತ್ತವೆ, ಮೊಟ್ಟೆ ತುಂಬಿಕೊಳ್ಳುತ್ತವೆ, ಆದರೆ ಇಡುವುದಿಲ್ಲ. ಅದಕ್ಕೆ ಮುಂಗಾರಿನ ನೆರೆ ಬೇಕು, ಹರಿಯುವ ಹೊಸ ನೀರು ಬೇಕು. ಆದ್ದರಿಂದ ಪ್ರತಿವರ್ಷ ಮರಿಗಳನ್ನು ನದಿಯಿಂದಲೇ ಹಿಡಿಯಬೇಕಿತ್ತು. ಬಂಗಾಳ, ಬಿಹಾರಗಳ ನದಿಗಳಲ್ಲಿ ನೆರೆಯ ಕಾಲಕ್ಕೆ ಸಣ್ಣ ಬಲೆಯೊಡ್ಡಿ ಎಳೆಮರಿಗಳನ್ನು ಸೋಸಿ, ಮಣ್ಣಿನ ಹಂಡೆಗಳಲ್ಲಿ ತುಂಬಿ ರೈಲಿಗೇರಿಸುತ್ತಿದ್ದರು. ಜೊತೆಗೆ ಬರುವ ಆಳುಗಳ ಕೆಲಸ ದಾರಿಯುದ್ದಕ್ಕೂ ಹಂಡೆಯ ನೀರನ್ನು ಕಲಕುತ್ತಿರುವುದು. ನಿಂತ ನೀರಿನಲ್ಲಿ ಆಕ್ಸಿಜನ್ ಕೆಳಪದರಕ್ಕೆ ವಿಸರಣದಿಂದ ಇಳಿಯುವುದು ಅತಿ ನಿಧಾನ. ಕಲಕಿದರೆ ಹೊಸ ಹೊಸ ನೀರು ಮೇಲ್ಮೈಗೆ ಬಂದು ಗಾಳಿಯನ್ನು ಮುಟ್ಟುತ್ತದೆ. ಆಳು ತೂಕಡಿಸಿದರೆ ಹಂಡೆಯ ಮರಿಗಳೆಲ್ಲ ಸತ್ತವೆಂದೇ ಲೆಕ್ಕ. ಬದುಕಿ ಬಂದದ್ದರಲ್ಲೂ ಬಾಳೆ, ಕೊರವಗಳ ಮರಿ ಬೆರೆತಿರುತ್ತಿದ್ದವು. ಎಳೆಯದರಲ್ಲಿ ಅವನ್ನು ಬೇರ್ಪಡಿಸುವುದು ಕಷ್ಟ, ಬೆಳೆದ ಮೇಲೆ ಅವು ಗೆಂಡೆಮರಿಗಳನ್ನೇ ತಿನ್ನುತ್ತವೆ.

ಈ ಕಷ್ಟ ಮುಗಿದದ್ದು 1957ರ ಜುಲೈ 10ರಂದು. ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ, ಕೆ. ಎಚ್. ಆಲಿಕುಞಿ ಅವರ ಮಾರ್ಗದರ್ಶನದಲ್ಲಿ, ಗೆಂಡೆಗಳಿಗೆ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ನಿಂತ ನೀರಿನಲ್ಲೇ ಮೊಟ್ಟೆ ಇಡಿಸುವುದರಲ್ಲಿ ಯಶಸ್ವಿಯಾದರು. ಇದಕ್ಕೆ ಮೊದಲು 1930ರ ದಶಕದಲ್ಲಿ ಅರ್ಜೆಂಟೀನಾ, ಬ್ರೆಜಿಲ್‌ಗಳಲ್ಲಿ ಇಂಥ ಪ್ರಯೋಗ ನಡೆದಿತ್ತು. ಲಾಹೋರಿನಲ್ಲಿ ಹಮೀದ್ ಖಾನ್ ಮೃಗಾಲ್ ಮೇಲೆ ಯತ್ನಿಸಿದ್ದರು. ವಿಧಾನ ಹೀಗಿದೆ. ಪ್ರೌಢ ಮೀನಿನ ತಲೆಬುರುಡೆ ತೆರೆದು ಮಿದುಳಿನ ಅಡಿಯಲ್ಲಿರುವ ಪುಟ್ಟ ಗ್ರಂಥಿಯನ್ನು ತೆಗೆದು ಆಲ್ಕೊಹಾಲಿನಲ್ಲಿ ಇಡುವುದು, ಬೇಕಾದಾಗ ಅರೆದು ಸೋಸುವುದು. ಹೆಣ್ಣಿಗೆ ಕಿಲೋಗೆ 2–3 ಮಿಲಿಗ್ರಾಂ ಮೊದಲ ಚುಚ್ಚು, ಆರು ಗಂಟೆಯ ನಂತರ 5–8 ಮಿಲಿಗ್ರಾಂ ಎರಡನೆಯದು. ಆಗ ಗಂಡಿಗೂ ಒಂದು ಚುಚ್ಚು. ಹಾಪಾ ಎಂಬ ಬಟ್ಟೆಯ ತೊಟ್ಟಿಯಲ್ಲಿ ಬಿಟ್ಟರೆ ಮೂರರಿಂದ ಆರು ಗಂಟೆಯೊಳಗೆ ಮೊಟ್ಟೆಗಳು ಸಿದ್ಧ. ನೆರೆ, ಮಳೆ, ಹೊಸ ನೀರು ಇವೆಲ್ಲ ಮೀನಿನ ಮಿದುಳಿಗೆ ಕೊಡುವ ಸಂದೇಶವನ್ನು ಸೂಜಿಯಿಂದ ಕೊಟ್ಟಂತಾಯಿತು. ಜುಲೈ 10ನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತಾರೆ. ಗೋಧಿ, ಭತ್ತಗಳ ಕ್ರಾಂತಿಯನ್ನು ನಮ್ಮ ಪಠ್ಯಪುಸ್ತಕಗಳು ಹೇಳುವಷ್ಟು ಇದನ್ನು ಹೇಳುವುದಿಲ್ಲ.

ಕೆಸರು ಕೆದಕುವ ಅತಿಥಿ

ಅದೇ 1957ರಲ್ಲಿ ಇನ್ನೊಂದು ಮೀನು ಬ್ಯಾಂಕಾಕಿನಿಂದ ಕಟಕ್‌ಗೆ ಬಂತು. ಅದು ಸಾಮಾನ್ಯ ಗೆಂಡೆ. ಇದರ ಜರ್ಮನ್ ತಳಿ 1939ರಲ್ಲೇ ಸಿಲೋನ್ ಮೂಲಕ ನೀಲಗಿರಿಗೆ ಬಂದಿತ್ತು. ಅದಕ್ಕೆ ಚಳಿ ಬೇಕಿತ್ತು. ಬ್ಯಾಂಕಾಕ್ ತಳಿಗೆ ಬಯಲುಸೀಮೆಯ ಬಿಸಿ ಒಗ್ಗಿತು. ಇದು ಬಹಳ ಹಳೆಯ ಸಾಕುಮೀನು. ಚೀನಾದಲ್ಲಿ ಕ್ರಿ.ಪೂ. 5ನೆಯ ಶತಮಾನದ ಫಾನ್ ಲೀ ಬರೆದನೆನ್ನಲಾದ ಕೈಪಿಡಿ ಇದರ ಸಾಕಣೆಯ ಬಗ್ಗೆಯೇ ಇದೆ. ಮಧ್ಯಯುಗದ ಯುರೋಪಿನ ಮಠಗಳ ಕೊಳಗಳಲ್ಲೂ ಇದೇ ಇತ್ತು.

ಇದಕ್ಕೆ ಸೂಜಿಯೂ ಬೇಡ, ನೆರೆಯೂ ಬೇಡ. ನಿಂತ ನೀರಿನಲ್ಲಿ, ಜಲಸಸ್ಯಗಳ ಮೇಲೆ ಅಂಟುವ ಮೊಟ್ಟೆ ಇಡುತ್ತದೆ, ಒಂದು ಕಿಲೋ ತೂಕದ ಹೆಣ್ಣು ಸುಮಾರು ಒಂದು ಲಕ್ಷಕ್ಕೂ ಮೇಲ್ಪಟ್ಟು. ಒಮ್ಮೆ ಬಿಟ್ಟ ಕೆರೆಯಲ್ಲಿ ನೀರು ಉಳಿದರೆ ಸಂತತಿಯೂ ಉಳಿಯುತ್ತದೆ. ಊರ ಹುಡುಗನ ಗಾಳಕ್ಕೆ ಇಂದು ಎಲ್ಲಕ್ಕಿಂತ ಸುಲಭವಾಗಿ ಸಿಗುವ ದೊಡ್ಡ ಮೀನು ಇದೇ ಆಗಲು ಇದು ಕಾರಣ.

ಹಿಡಿಯುವ ಬಗೆಯಲ್ಲೂ ಒಂದು ಸ್ವಾರಸ್ಯವಿದೆ. ಸಾಮಾನ್ಯ ಗೆಂಡೆಯ ದವಡೆಯಲ್ಲಿ ಹಲ್ಲಿಲ್ಲ; ಹಲ್ಲು ಇರುವುದು ಗಂಟಲಿನಲ್ಲಿ. ಬಾಯನ್ನು ಕೊಳವೆಯಂತೆ ಮುಂದಕ್ಕೆ ಚಾಚಿ, ಬಾಯೊಳಗಿನ ಒತ್ತಡವನ್ನು ತಟ್ಟನೆ ಇಳಿಸಿ, ಕೆಸರನ್ನು ತಿನಿಸಿನ ಸಮೇತ ಹೀರುತ್ತದೆ. ಎರಡು ಜೊತೆ ಪುಟ್ಟ ಮೀಸೆಗಳು ರುಚಿ ನೋಡುತ್ತವೆ. ಕೆಸರು ಕೆದಕಿದಾಗ ಅದರಲ್ಲಿ ಸಿಕ್ಕಿಕೊಂಡಿದ್ದ ಮೀಥೇನ್ ಗುಳ್ಳೆಗಳಾಗಿ ಮೇಲೇಳುತ್ತದೆ. ಬೆಳಗಿನ ಶಾಂತ ನೀರಿನಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳ ಸಾಲು ಸರಿಯುತ್ತಿದ್ದರೆ ಕೆಳಗೆ ಗೆಂಡೆ ಮೇಯುತ್ತಿದೆ ಎಂದು ತಿಳಿಯಿರಿ. ರಾಗಿ ಹಿಟ್ಟಿನ ಗಟ್ಟಿ ಉಂಡೆಯನ್ನು ತಳದಲ್ಲಿ ಕೂರಿಸಿ, ಸೀಸದ ಗುಂಡನ್ನೂ ತಳಕ್ಕೇ ಇಳಿಸಿದರೆ, ಗೆಂಡೆ ಕಚ್ಚಿದಾಗ ಬೆಂಡು ಮುಳುಗುವ ಬದಲು ಮೇಲೇಳುತ್ತದೆ! ಕಾರಣ ಸರಳ. ದಾರ ಬಿಗಿದಿರುವಾಗ ತಳದ ಗುಂಡು ಬೆಂಡನ್ನು ಅದರ ಸಹಜ ಮಟ್ಟಕ್ಕಿಂತ ಕೆಳಗೆ ಹಿಡಿದಿರುತ್ತದೆ. ಮೀನು ತಲೆಯೆತ್ತಿ ಉಂಡೆಯನ್ನೂ ಗುಂಡನ್ನೂ ಎತ್ತಿದಾಗ ಆ ಸೆಳೆತ ಹೋಗಿ, ಆರ್ಕಿಮಿಡೀಸ್ ಹೇಳಿದಷ್ಟೇ ಭಾಗ ಮುಳುಗುವಂತೆ ಬೆಂಡು ಏಳುತ್ತದೆ. ಮುಳುಗುವುದನ್ನೇ ಕಾಯುವವನು ಉಂಡೆ ಕಳೆದುಕೊಳ್ಳುತ್ತಾನೆ.

ಇದೇ ಕೆದಕುವ ಚಾಳಿ ಕೆರೆಗೆ ಮುಳುವಾಗುವುದೂ ಉಂಟು. ನೀರು ಕದಡಿ ಬೆಳಕು ತಳ ಮುಟ್ಟುವುದಿಲ್ಲ. ಜಲಸಸ್ಯಗಳ ಬೇರು ಸಡಿಲವಾಗುತ್ತದೆ. ಅವುಗಳ ನಡುವೆ ಮೊಟ್ಟೆ ಇಡುವ ಸಣ್ಣ ಮೀನುಗಳಿಗೆ ನೆಲೆ ತಪ್ಪುತ್ತದೆ. ಕಾಶ್ಮೀರದ ದಾಲ್ ಸರೋವರದಲ್ಲಿ ಅಲ್ಲಿನ ಸ್ಥಳೀಯ ಮೀನುಗಳು ಇಳಿಮುಖವಾದದ್ದಕ್ಕೆ ಈ ಅತಿಥಿಯೂ ಒಂದು ಕಾರಣವೆಂದು ಮೀನುತಜ್ಞರು ದಾಖಲಿಸಿದ್ದಾರೆ. ನಮ್ಮ ಊರ ಕೆರೆಗಳಲ್ಲಿ ಯಾವುದು ಹೋಯಿತೆಂದು ಲೆಕ್ಕ ಇಟ್ಟವರೇ ಕಡಿಮೆ.

ದಾರ ಮಾತ್ರ ಈ ಅವಧಿಯಲ್ಲಿ ಬದಲಾಯಿತು. 1938ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ನೈಲಾನ್ ನಮ್ಮ ಕೆರೆದಡಕ್ಕೂ ಬಂದು ನಾರು, ಹತ್ತಿಗಳನ್ನು ಮೂಲೆಗೊತ್ತಿತು. ಅದು ಹಿಗ್ಗುತ್ತದೆ, ಕೊಳೆಯುವುದಿಲ್ಲ. ಕೊಳೆಯದಿರುವುದೇ ಈಗ ತೊಂದರೆ. ಬಿಟ್ಟುಹೋದ ತುಂಡುಗಳು ನೀರುಹಕ್ಕಿಗಳ ಕಾಲಿಗೆ ಉರುಳಾಗುತ್ತವೆ.

ಮೀನು ಮೇಲೆ ಬಂದು ಬಾಯಿ ಬಿಡುವಾಗ

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಕ್ಸಿಜನ್ ಇದೆ. ಒಂದು ಲೀಟರ್ ನೀರಿನಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೆಚ್ಚೆಂದರೆ 9.1 ಮಿಲಿಗ್ರಾಂ, 30 ಡಿಗ್ರಿಯಲ್ಲಿ 7.6. ಇದು ಸಮುದ್ರಮಟ್ಟದ ಮಾತು. ಬೆಂಗಳೂರಿನ ಎತ್ತರದಲ್ಲಿ ಇನ್ನೂ ಹತ್ತನೆಯ ಒಂದು ಪಾಲು ಕಡಿಮೆ. ಚರಂಡಿ ನೀರು ಸೇರಿದ ಕೆರೆಯಲ್ಲಿ ಹಗಲು ಪಾಚಿ ಆಕ್ಸಿಜನ್ ಕೊಡುತ್ತದೆ, ರಾತ್ರಿ ಪಾಚಿಯೂ ಬ್ಯಾಕ್ಟೀರಿಯಾಗಳೂ ಅದನ್ನು ಬಳಸುತ್ತವೆ. ನಸುಕಿಗೆ ಖಜಾನೆ ಬರಿದು. ಆಗ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಬಲೆಯವನಿಗೂ ಕೈಯಲ್ಲಿ ಬಾಚುವವನಿಗೂ ಅದು ಸುಗ್ಗಿಯಂತೆ ಕಾಣುತ್ತದೆ. 1995ರ ಜೂನ್‌ನಲ್ಲಿ ಬೆಂಗಳೂರಿನ ಸ್ಯಾಂಕಿ ಕೆರೆಯಲ್ಲಿ ಮೀನುಗಳು ಸಾಮೂಹಿಕವಾಗಿ ಸತ್ತಾಗ ನಡೆದ ಅಧ್ಯಯನ, ಕೊಳಚೆ ಸೇರಿ ವಿಲೀನ ಆಕ್ಸಿಜನ್ ದಿಢೀರನೆ ಕುಸಿದದ್ದನ್ನು ತೋರಿಸಿತು. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ತುಂಬ ಸತ್ತ ಮೀನು ತೇಲಿದ ಚಿತ್ರಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಸಾಮಾನ್ಯ ಗೆಂಡೆ ಕಡಿಮೆ ಆಕ್ಸಿಜನ್ ತಾಳಿಕೊಳ್ಳುವ ಮೀನು. ಅದೂ ಬಾಯಿ ಬಿಡುತ್ತಿದೆ ಎಂದಾದರೆ ಉಳಿದವುಗಳ ಕಥೆ ಮೊದಲೇ ಮುಗಿದಿರುತ್ತದೆ.

ಸ್ಥಳೀಯ ಗೆಂಡೆಗಳ ವಿಷಯಕ್ಕೆ ಬಂದರೆ, ಅಂಗುಲ್‌ನ ಸೂಜಿಯೇ ಈಗ ಅವುಗಳ ನೆರವಿಗೂ ಬಂದಿದೆ. ಬೆಂಗಳೂರಿನ ಬಳಿಯ ಹೆಸರಘಟ್ಟದಲ್ಲಿರುವ ಕೇಂದ್ರ ಸಿಹಿನೀರು ಮೀನುಕೃಷಿ ಸಂಸ್ಥೆಯ ಪ್ರಾದೇಶಿಕ ಕೇಂದ್ರದಲ್ಲಿ ಲೇಬಿಯೊ ಫಿಂಬ್ರಿಯೇಟಸ್ ಮತ್ತು ಹಿಪ್ಸೆಲೊಬಾರ್ಬಸ್ ಪಲ್ಚೆಲಸ್ ಎಂಬ ಎರಡು ಮೀನುಗಳಿಂದ ಪ್ರೇರಿತ ವಿಧಾನದಲ್ಲಿ ಮರಿ ಪಡೆಯಲಾಗಿದೆ. ಎರಡನೆಯದು ಒಂದು ಕಾಲಕ್ಕೆ ತುಂಗಭದ್ರಾ ಜಲಾಶಯದಲ್ಲಿ ಹೇರಳವಾಗಿತ್ತು, ನಂತರ ಅಪರೂಪವಾಯಿತು. ಅದರ ಮುಖ್ಯ ಆಹಾರ ಜಲಸಸ್ಯ. ಕೆರೆಗಳ ಕಳೆಯನ್ನು ತಿನ್ನಿಸಲೆಂದು 1959ರಲ್ಲಿ ನಾವು ಹಾಂಗ್‌ಕಾಂಗ್‌ನಿಂದ ಹುಲ್ಲು ಗೆಂಡೆಯನ್ನು ತರಿಸಿಕೊಂಡಾಗ, ಅದೇ ಕೆಲಸ ಬಲ್ಲ ಈ ಮೀನು ನಮ್ಮ ಹೊಳೆಯಲ್ಲೇ ಇತ್ತು.